ಲಾಕಿ ಪೈ

ಲೀತ್ ವಾಕ್, ಎಡಿನ್‌ಬರೊ
೧೯೩೪ ಜನವರಿ ೨೨

ಮಾನ್ಯ ಕ್ವಿಂಟಿನ್ ರಾಟ್ರೇ ಅವರಿಗೆ,

ಕಸುಬುನುಡಿಗಳ ಕೋಶಕ್ಕಾಗಿ ನೀವು ಮುದ್ರಕರ ಮಾಸಪತ್ರಿಕೆಯಲ್ಲಿ ಹಾಕಿಸಿದ್ದ ವಿನಂತಿಯನ್ನು ಓದಿದೆ. ನಾನು ಆ ಪತ್ರಿಕೆ ತರಿಸುವವಳಲ್ಲ. ನಾನು ಕೆಲಸ ಮಾಡುವ ಬೀಜದ ಅಂಗಡಿಗೆ ಪೊಟ್ಟಣ ಕಟ್ಟಲು ಹಳೆಯ ಕಾಗದ ಬರುತ್ತದೆ, ಅದರಲ್ಲಿ ಸಿಕ್ಕಿತು. ಬಟಾಣಿ ಬೀಜ ಕಟ್ಟಿಕೊಡಲು ಹಾಳೆ ಹರಿಯಹೊರಟವಳು ನನ್ನದೇ ಹೆಸರು ಕಂಡು ಕೈ ತಡೆದೆ.

‘ಲಾಕಿ ಪೈ ಎಂಬ ಮಾತು ಎಡಿನ್‌ಬರೊದ ಅಚ್ಚುಕೂಟಗಳಲ್ಲಿ ಬಳಕೆಯಲ್ಲಿದೆ. ಈ ಲಾಕಿ ಎಂಬವರು ನಿಜಕ್ಕೂ ಇದ್ದರೇ ಅಥವಾ ಇದು ಕಟ್ಟುಕತೆಯೇ, ಬಲ್ಲವರು ತಿಳಿಸಬೇಕು’ ಎಂದು ಕೇಳಿದ್ದೀರಿ. ಬಲ್ಲವಳೇ ತಿಳಿಸುತ್ತಿದ್ದೇನೆ. ಆ ಲಾಕಿ ನಾನು. ಬದುಕಿದ್ದೇನೆ, ಹಲ್ಲೂ ಎಲ್ಲ ಇವೆ.

ನಿಮ್ಮ ವಿನಂತಿಯಲ್ಲಿ ಪೈ ಎಂದರೆ ‘ಚೆಲ್ಲಿ ಹಾಳಾದ ಅಚ್ಚಿನ ಮೊಳೆಗಳ ರಾಶಿ’ ಎಂದು ಬರೆದಿದ್ದೀರಿ. ಮೊದಲು ಅದನ್ನು ತಿದ್ದಿಕೊಳ್ಳಿ. ನಾನು ಏಳು ವರ್ಷ ಮೊಳೆ ಜೋಡಿಸಿದವಳು. ಜೋಡಿಸಿದ ಪುಟ ಕೈಜಾರಿ ಬಿದ್ದು ಅಕ್ಷರಗಳೆಲ್ಲ ಕಲಸಿಹೋದರೆ ಅದು ಪೈ. ಆದರೆ ಅದರಲ್ಲಿ ಹಾಳಾದದ್ದು ಏನೂ ಇರುವುದಿಲ್ಲ. ಒಂದೊಂದು ಮೊಳೆಯೂ ನೆಟ್ಟಗೇ ಇರುತ್ತದೆ, ತನ್ನ ಜಾಗದಲ್ಲಿ ಇರುವುದಿಲ್ಲ, ಅಷ್ಟೆ. ಒಂದೊಂದಾಗಿ ಹೆಕ್ಕಿ ಅದರದರ ಖಾನೆಗೆ ಹಾಕಿದರೆ ಮತ್ತೆ ಪುಸ್ತಕವಾಗುತ್ತದೆ. ಹಾಳಾದದ್ದಕ್ಕೂ ಕಲಸಿಹೋದದ್ದಕ್ಕೂ ವ್ಯತ್ಯಾಸ ತಿಳಿಯದವರು ಕೋಶ ಬರೆಯಬಾರದು.

ಎರಡನೆಯ ಮಾತು. ನೀವು ಕೇಳುತ್ತಿರುವ ಆ ಪೈ ಆದದ್ದು ೧೯೦೯ರ ನವೆಂಬರಿನಲ್ಲಿ. ಗ್ರೀಕ್ ವ್ಯಾಕರಣದ ಎಂಟು ಪುಟ. ಅದನ್ನು ಬೀಳಿಸಿದವಳು ನಾನಲ್ಲ. ಕೋಶದಲ್ಲಿ ನನ್ನ ಹೆಸರು ಇರುವುದಾದರೆ ಇದೂ ಇರಬೇಕು.

ಇತಿ,
ಯೂಫೀಮಿಯಾ ಲಾಕಿ (ಮಿಸ್)


ಜಾರ್ಜ್ ಚೌಕ, ಎಡಿನ್‌ಬರೊ
೧೯೩೪ ಫೆಬ್ರವರಿ ೨

ಮಾನ್ಯ ಮಿಸ್ ಲಾಕಿ ಅವರಿಗೆ,

ನಿಮ್ಮ ಪತ್ರ ಓದಿ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಪೈ ಪದದ ಅರ್ಥವನ್ನು ನೀವು ಹೇಳಿದಂತೆಯೇ ತಿದ್ದಿದ್ದೇನೆ. ಹದಿನಾಲ್ಕು ಜನ ಮುದ್ರಕರು ನನಗೆ ಬರೆದಿದ್ದಾರೆ, ಒಬ್ಬರೂ ಆ ವ್ಯತ್ಯಾಸವನ್ನು ಹೇಳಲಿಲ್ಲ.

ಪದದ ಹುಟ್ಟಿನ ಬಗ್ಗೆ ಮೂರು ಮಾತಿವೆ. ಹಿಟ್ಟಿನ ಚಿಪ್ಪಿನೊಳಗೆ ಸಿಕ್ಕಿದ್ದನ್ನೆಲ್ಲ ತುಂಬಿ ಬೇಯಿಸುವ ಪೈ ಎಂಬ ತಿನಿಸಿನಿಂದ ಬಂತು ಎಂದು ಕೆಲವರು. ಮ್ಯಾಗ್‌ಪೈ ಹಕ್ಕಿಯ ಕಪ್ಪುಬಿಳುಪು ಬೆರಕೆಯಿಂದ ಎಂದು ಕೆಲವರು. ಹಿಂದೆ ಚರ್ಚಿನಲ್ಲಿ ಯಾವ ದಿನ ಯಾವ ಪ್ರಾರ್ಥನೆ ಎಂದು ತಿಳಿಸುವ ಪೈ ಎಂಬ ಪಟ್ಟಿಯಿತ್ತಂತೆ, ಅದು ಪಾದ್ರಿಗಳಿಗೇ ಅರ್ಥವಾಗುತ್ತಿರಲಿಲ್ಲವಂತೆ, ಅದರಿಂದ ಎಂದು ಉಳಿದವರು. ನಿಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ.

ಇನ್ನು ನಿಮ್ಮ ಎರಡನೆಯ ಮಾತು. ಸದ್ಯ ನನ್ನ ಚೀಟಿಯಲ್ಲಿ ಹೀಗಿದೆ: ‘ಲಾಕಿ ಪೈ: ಅಜಾಗರೂಕತೆಯಿಂದಾದ ಬಹುದೊಡ್ಡ ಪೈ. ಆ ಹೆಸರಿನ ಹುಡುಗಿಯೊಬ್ಬಳು ಬೀಳಿಸಿದ್ದರಿಂದ.’ ಇದಕ್ಕೆ ಆಧಾರ ೧೯೧೨ರ ಒಂದು ವೃತ್ತಿಪತ್ರಿಕೆಯ ಟಿಪ್ಪಣಿ. ನಾನು ನಿಮ್ಮನ್ನು ನಂಬುತ್ತೇನೆ. ಆದರೆ ಕೋಶ ನಂಬಿಕೆಯ ಮೇಲೆ ನಡೆಯುವುದಿಲ್ಲ. ಅಚ್ಚಾದದ್ದಾಗಲಿ, ತಾರೀಕು ಮತ್ತು ಸಹಿ ಇರುವ ಪತ್ರವಾಗಲಿ, ಆ ಪದವನ್ನೇ ಬಳಸಿದ ವಾಕ್ಯ ಬೇಕು. ತನ್ನ ಮೇಲಿನ ದೂರನ್ನು ತಾನೇ ಅಲ್ಲಗಳೆಯುವವರ ಪತ್ರವನ್ನು ನಮ್ಮ ಸಮಿತಿ ಒಪ್ಪುವುದಿಲ್ಲ. ಬೇರೆ ಯಾರಾದರೂ ಆ ದಿನ ಅಲ್ಲಿದ್ದರೇ? ನಿಮಗೆ ಮುಜುಗರವಾಗುವುದಾದರೆ ಈ ಪದವನ್ನೇ ಬಿಟ್ಟುಬಿಡಲು ನಾನು ಸಿದ್ಧ.

ವಿಶ್ವಾಸಿ,
ಕ್ವಿಂಟಿನ್ ರಾಟ್ರೇ


ಲೀತ್ ವಾಕ್
೧೯೩೪ ಫೆಬ್ರವರಿ ೬

ಮಾನ್ಯ ರಾಟ್ರೇ ಅವರಿಗೆ,

ಬಿಡಬೇಡಿ. ನೀವು ಕೋಶದಿಂದ ಬಿಟ್ಟರೆ ಅಚ್ಚುಕೂಟದವರ ಬಾಯಿಂದ ಬಿಟ್ಟುಹೋಗುತ್ತದೆಯೇ? ಇಪ್ಪತ್ತೈದು ವರ್ಷ ಅವರು ತಪ್ಪು ಅರ್ಥದಲ್ಲಿ ಆಡಿದ್ದಾರೆ. ಪದ ಇರಲಿ, ಅರ್ಥ ಸರಿಯಾಗಲಿ.

ಆ ದಿನ ಅಲ್ಲಿ ಇನ್ನೊಬ್ಬಳಿದ್ದಳು. ಅವಳ ಹೆಸರನ್ನು ನಾನು ಹೇಳುವುದಿಲ್ಲ. ಹೇಳುವುದಾಗಿದ್ದರೆ ಅವತ್ತೇ ಹೇಳಿ ಕೆಲಸ ಉಳಿಸಿಕೊಳ್ಳುತ್ತಿದ್ದೆ. ನಿಮಗೆ ಬೇಕಾದ ವಾಕ್ಯವನ್ನು ಅವಳ ಕೈಯಿಂದಲೇ ಬರೆಸುತ್ತೇನೆ. ‘ಪ’ ಅಕ್ಷರ ಅಚ್ಚಿಗೆ ಹೋಗುವುದು ಯಾವಾಗ, ತಿಳಿಸಿ.

ಹುಟ್ಟಿನ ಬಗ್ಗೆ ಕೇಳಿದಿರಿ. ತಿನಿಸಿನಿಂದ ಬಂದಿರಲಾರದು. ಬಿದ್ದ ಪೈ ಮುಂದೆ ನಿಂತವರಿಗೆ ಊಟದ ನೆನಪೇ ಬರುವುದಿಲ್ಲ.

ಇತಿ,
ಯೂಫೀಮಿಯಾ ಲಾಕಿ


ಲೀತ್ ವಾಕ್
೧೯೩೪ ಫೆಬ್ರವರಿ ೧೧

ಟಿಬ್ಬಿ,

ಹೇಗಿದ್ದೀ ಎಂದು ಕೇಳುವುದು ರೂಢಿ. ಕೇಳಿದ್ದೇನೆ ಎಂದುಕೋ. ನಿನ್ನ ವಿಳಾಸವನ್ನು ನಿನ್ನ ಅಕ್ಕನಿಂದ ಪಡೆದೆ. ಅವಳು ನಮ್ಮ ಅಂಗಡಿಗೆ ಈರುಳ್ಳಿ ಬೀಜಕ್ಕೆ ಬರುತ್ತಾಳೆ. ನೀನು ಕರ್ಕಾಲ್ಡಿಯಲ್ಲಿ ಮಿಸೆಸ್ ಹಾಗ್ ಆಗಿ, ಮಹಿಳಾ ಸಂಘದ ಕಾರ್ಯದರ್ಶಿಯಾಗಿರುವುದು, ಮಗ ಅಲಿಕ್ ಅಚ್ಚುಕೂಟದಲ್ಲಿ ಕೆಲಸಕ್ಕಿರುವುದು ಎಲ್ಲ ಗೊತ್ತಾಯಿತು. ಒಳ್ಳೆಯದು.

ವಿಷಯ ಇಷ್ಟು. ಕಸುಬುನುಡಿಗಳ ಕೋಶವೊಂದು ಬರುತ್ತಿದೆ. ಅದರಲ್ಲಿ ‘ಲಾಕಿ ಪೈ’ ಎಂಬ ಪದವಿದೆ. ಅಜಾಗರೂಕ ಹುಡುಗಿಯೊಬ್ಬಳು ಬೀಳಿಸಿದ್ದು ಎಂಬ ಅರ್ಥ. ನಾನು ಸತ್ತ ಮೇಲೂ ನನ್ನ ಹೆಸರಿನ ಮುಂದೆ ಆ ಅರ್ಥ ಕೂತಿರುತ್ತದೆ. ನನಗೆ ಮಕ್ಕಳಿಲ್ಲ ಟಿಬ್ಬಿ. ಲಾಕಿ ಎಂಬ ಹೆಸರು ಉಳಿಯುವುದಾದರೆ ಆ ಪುಸ್ತಕದಲ್ಲೇ.

ನಿನಗೆ ನೆನಪಿಲ್ಲದಿದ್ದರೆ ನೆನಪು ಮಾಡುತ್ತೇನೆ. ಮಧ್ಯಾಹ್ನದ ಊಟದ ಹೊತ್ತು. ಉಳಿದ ಹುಡುಗಿಯರೆಲ್ಲ ಕೆಳಗೆ ಹೋಗಿದ್ದರು. ನೀನು ಆ ಎಂಟು ಪುಟದ ಚೌಕಟ್ಟನ್ನು ಕಲ್ಲಿನ ಮೇಜಿನಿಂದ ಎತ್ತಿದೆ. ನಡುವೆ ಸಡಿಲಾಗಿ ಇಡೀ ಗ್ರೀಕ್ ವ್ಯಾಕರಣ ನೆಲದ ಮೇಲೆ ಮಳೆ ಸುರಿದ ಹಾಗೆ ಸುರಿಯಿತು. ನೀನು ಮೊಳೆ ತುಂಬಲು ತಟ್ಟೆ ತರಲು ಓಡಿದೆ. ನಾನು ಮಂಡಿಯೂರಿ ಹೆಕ್ಕತೊಡಗಿದೆ, ನಿನಗೆ ಸ್ವಲ್ಪ ಹಗುರವಾಗಲಿ ಎಂದು. ಅಷ್ಟರಲ್ಲಿ ಫೋರ್‌ಮನ್ ಗಿಲ್‌ಕ್ರಿಸ್ಟ್ ಬಂದ. ಅವನು ಯಾರು ಬೀಳಿಸಿದ್ದು ಎಂದು ಕೇಳಲಿಲ್ಲ. ಕೇಳಿದ್ದರೆ ಕತೆ ಬೇರೆಯಾಗುತ್ತಿತ್ತು. “ಯಾರ ಪೈ ಇದು?” ಅಂದ.

ನಮ್ಮ ಕೋಣೆಯ ಕಟ್ಟಳೆ ನಿನಗೂ ಗೊತ್ತು. ಪೈಗೆ ಮೊದಲು ಬಗ್ಗಿದವರದ್ದೇ ಪೈ. ಅವರೇ ಪೂರಾ ಹೆಕ್ಕಬೇಕು, ಬೇರೆಯವರು ಒಂದು ಚುಕ್ಕೆಯನ್ನೂ ಮುಟ್ಟುವ ಹಾಗಿಲ್ಲ. ನನ್ನ ಮುಷ್ಟಿ ತುಂಬ ಮೊಳೆಯಿತ್ತು. ನೀನು ಬಾಗಿಲಲ್ಲಿ ಖಾಲಿ ತಟ್ಟೆ ಹಿಡಿದು ನಿಂತಿದ್ದೆ.

ಐದು ದಿನ ಹೆಕ್ಕಿದೆ. ತಲೆಯ ಮೇಲೆ ಕೊಂಬು, ಕಾಲ ಕೆಳಗೆ ಬಾಲ ಇರುವ ಆ ಅಕ್ಷರಗಳನ್ನು ಓದಲು ಬಾರದೆ ಬರಿಯ ಆಕಾರ ನೋಡಿ ಹೆಕ್ಕಿದೆ. ಆರನೆಯ ದಿನ ಕೆಲಸದಿಂದ ತೆಗೆದರು. ಮರುವರ್ಷ ಈ ಕೆಲಸಕ್ಕೆ ಹೊಸದಾಗಿ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂದು ಮಾಲೀಕರಿಗೂ ಗಂಡಸರ ಸಂಘಕ್ಕೂ ಒಪ್ಪಂದವೇ ಆಯಿತು. ಯಾವ ಅಚ್ಚುಕೂಟದ ಬಾಗಿಲೂ ನನಗೆ ಮತ್ತೆ ತೆರೆಯಲಿಲ್ಲ.

ನನಗೆ ಬೇಕಾದದ್ದು ಒಂದೇ ಒಂದು ವಾಕ್ಯ. ತಾರೀಕು, ಸಹಿ ಇರಬೇಕು. ಪೈ ಎಂಬ ಪದ ಇರಬೇಕು. ಅದು ಕೋಶದವರ ನಿಯಮ.

ಫೀಮಿ


ಕರ್ಕಾಲ್ಡಿ
೧೯೩೪ ಮಾರ್ಚ್ ೨೦

ಪ್ರೀತಿಯ ಫೀಮಿ,

ಎಷ್ಟು ವರ್ಷಗಳ ಮೇಲೆ ನಿನ್ನ ಕೈಬರಹ ನೋಡಿದೆ. ಬೇಗ ಉತ್ತರಿಸಬೇಕೆಂದಿದ್ದೆ, ಮನೆತುಂಬ ನೆಗಡಿ ಜ್ವರ. ಸಂಘದ ವಸಂತದ ಮಾರಾಟಮೇಳವೂ ನನ್ನ ತಲೆಯ ಮೇಲೇ ಬಿತ್ತು. ಇಲ್ಲಿ ಗಾಳಿ ಬೀಸಿದರೆ ಊರೆಲ್ಲ ಲಿನೋಲಿಯಂ ಕಾರ್ಖಾನೆಯ ಎಣ್ಣೆ ವಾಸನೆ. ಮೊದಲು ತಲೆನೋಯುತ್ತಿತ್ತು, ಈಗ ಅದು ಇಲ್ಲದಿದ್ದರೆ ಏನೋ ಕಳೆದುಕೊಂಡ ಹಾಗೆ ಅನಿಸುತ್ತದೆ.

ನನ್ನ ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಅಲಿಕ್ ನನ್ನ ಜೊತೆಗೇ ಇದ್ದಾನೆ. ಶನಿವಾರ ಕೆಲಸದಿಂದ ಬರುವಾಗ ಮೂಲೆ ಅಂಗಡಿಯಿಂದ ಮಟನ್ ತುಂಬಿದ ಬಿಸಿ ಕಡುಬು ತರುತ್ತಾನೆ. ತಿಂದು ಕಿಟಕಿಯ ಬಳಿ ಕೂರುತ್ತೇವೆ. ಹಿತ್ತಲ ಮರದಲ್ಲಿ ಆ ಕಪ್ಪುಬಿಳಿ ಹಕ್ಕಿ ಗೂಡು ಕಟ್ಟಿದೆ, ಬೆಳಗಿನಿಂದ ಸಂಜೆಯವರೆಗೆ ಅದರದ್ದೇ ಗಲಾಟೆ.

ನೀನು ಬರೆದ ವಿಷಯ ಓದಿದೆ. ಅವೆಲ್ಲ ಹಳೆಯ ಮಾತು. ಆ ದಿನದ ಗೊಂದಲದಲ್ಲಿ ಯಾರು ಎಲ್ಲಿದ್ದರು ಎಂಬುದು ನನಗೆ ಸರಿಯಾಗಿ ನೆನಪಿಗೆ ಬರುತ್ತಿಲ್ಲ. ಹೆಸರಿನ ಬಗ್ಗೆ ಯಾಕೆ ಅಷ್ಟು ಯೋಚಿಸುತ್ತೀ? ಅಂಥ ಪುಸ್ತಕವನ್ನು ಓದುವವರಾದರೂ ಎಷ್ಟು ಜನ? ಬೇಸಿಗೆಯಲ್ಲಿ ಒಮ್ಮೆ ಇಲ್ಲಿಗೆ ಬಾ. ಸಮುದ್ರದ ದಂಡೆಯಲ್ಲಿ ಓಡಾಡೋಣ.

ಪ್ರೀತಿಯಿಂದ,
ಟಿಬ್ಬಿ


ಲೀತ್ ವಾಕ್
೧೯೩೪ ಮಾರ್ಚ್ ೨೭

ಟಿಬ್ಬಿ,

ನಿನ್ನ ಪತ್ರ ಓದಿ ನಕ್ಕೆ. ಎರಡನೆಯ ಸಲ ಓದಿದಾಗ ನಗು ಬರಲಿಲ್ಲ.

ಮಟನ್ ತುಂಬಿದ ಬಿಸಿ ಕಡುಬು! ಹುಟ್ಟಿದಾಗಿನಿಂದ ತಿಂದ ತಿನಿಸಿನ ಹೆಸರು ಮರೆತುಹೋಯಿತೇ ಮಾರಾಯ್ತಿ? ಕರ್ಕಾಲ್ಡಿಯಲ್ಲಿ ಅಂಗಡಿಯವನನ್ನು ಏನೆಂದು ಕೇಳುತ್ತೀರಿ? ಕಪ್ಪುಬಿಳಿ ಹಕ್ಕಿಯಂತೆ. ಮ್ಯಾಗ್‌ಪೈ ಎನ್ನಲೂ ನಿನಗೆ ಕೈ ಬರಲಿಲ್ಲ. ಅದರ ಬಾಲದಲ್ಲಿ ಆ ಪದ ಇದೆಯಲ್ಲ! ನೆನಪಿಲ್ಲದವರು ಹೀಗೆ ಬರೆಯುವುದಿಲ್ಲ. ನೆಲದ ಮೇಲೆ ಎಲ್ಲಿ ಚೂರು ಬಿದ್ದಿದೆ ಎಂದು ಚೆನ್ನಾಗಿ ತಿಳಿದವರು ಮಾತ್ರ ಅದನ್ನು ತುಳಿಯದೆ ಅಷ್ಟು ನಾಜೂಕಾಗಿ ಸುತ್ತಿ ನಡೆಯುತ್ತಾರೆ.

ಗೊಂದಲ ಎಂದು ಬರೆದಿದ್ದೀ. ಗೊಂದಲದಲ್ಲಿ ಯಾರ ತಪ್ಪೂ ಇರುವುದಿಲ್ಲ, ಅದು ತಾನಾಗಿ ಆಗುತ್ತದೆ. ಪೈ ತಾನಾಗಿ ಆಗುವುದಿಲ್ಲ. ಪೈ ಎಂದರೆ ಅದನ್ನು ಬೀಳಿಸಿದ ಒಂದು ಕೈ ಇರಲೇಬೇಕು. ನಿನಗೆ ಆ ಪದ ಬೇಡವಾದದ್ದು ಅದಕ್ಕೇ.

ಅಂಥ ಪುಸ್ತಕ ಓದುವವರು ಎಷ್ಟು ಜನ ಎಂದೆ. ಒಬ್ಬಳು ಖಂಡಿತ ಓದುತ್ತಾಳೆ. ನಾನು.

ಬೀಜದ ಅಂಗಡಿಯಲ್ಲಿ ನನಗೆ ನೂರ ನಲವತ್ತು ಖಾನೆಗಳಿವೆ. ಕಣ್ಣು ಮುಚ್ಚಿಕೊಂಡೇ ಕೈ ಹಾಕುತ್ತೇನೆ. ಗಿರಾಕಿಗಳು ಬೆರಗಾಗಿ, “ಎಲ್ಲಿ ಕಲಿತ್ರಿ ಇದನ್ನ?” ಅಂತ ಕೇಳುತ್ತಾರೆ. ಎಲ್ಲಿ ಕಲಿತೆ ಎಂದು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ, ಹೇಳಿದರೆ ಹೆಸರು ಕೇಳುತ್ತಾರೆ, ಹೆಸರು ಕೇಳಿದರೆ ನಗುತ್ತಾರೆ. ನಾನು ಆ ಕೆಲಸವನ್ನು ಎಷ್ಟು ಪ್ರೀತಿಸಿದ್ದೆ ಎಂಬುದು ನಿನ್ನೊಬ್ಬಳಿಗೇ ಗೊತ್ತು.

ಒಂದೇ ವಾಕ್ಯ. ಕಾಯುತ್ತಿದ್ದೇನೆ.

ಫೀಮಿ


ಕರ್ಕಾಲ್ಡಿ
೧೯೩೪ ಏಪ್ರಿಲ್ ೩೦

ಫೀಮಿ,

ಆಗುವುದಿಲ್ಲ. ನನ್ನ ಮೇಲೆ ಸಿಟ್ಟು ಮಾಡಿಕೋ, ಆದರೆ ಇದನ್ನು ಕೇಳಬೇಡ.

ನಿನಗೆ ತಿಳಿಯದ ಒಂದು ವಿಷಯವಿದೆ. ಅಲಿಕ್ ಈ ಕಸುಬಿಗೆ ಸೇರಿದಾಗ ನಾನೇ ಅವನಿಗೆ ಆ ಕತೆ ಹೇಳಿದ್ದೆ. ಎಲ್ಲರೂ ಹೇಳುವ ಹಾಗೆ ಹೇಳಿದ್ದೆ. ಹುಷಾರಾಗಿರಲಿ ಎಂದು ಹೇಳಿದ್ದು. ಹೇಳುತ್ತ ಹೇಳುತ್ತ ನನಗೇ ಅದು ನಿಜವೆಂದು ಅನಿಸುವ ಹಾಗಾಯಿತು. ಈಗ ಅವನು ತನ್ನ ಕೈಕೆಳಗೆ ಕಲಿಯುವ ಹುಡುಗರಿಗೆ ಹೇಳುತ್ತಾನೆ, ನಿನ್ನ ಹೆಸರು ಹಿಡಿದು. “ನಮ್ಮಮ್ಮ ಅಲ್ಲೇ ಇದ್ರು, ಕಣ್ಣಾರೆ ಕಂಡೋರು” ಅನ್ನುತ್ತಾನೆ. ಮಗನ ಮುಂದೆ ನಾನು ಇನ್ನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಆ ದಿನ ನೀನಾದರೂ ಯಾಕೆ ಬಾಯಿ ಬಿಡಲಿಲ್ಲ? ನೀನು ನನ್ನತ್ತ ಬೆರಳು ತೋರಿಸಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಅದಕ್ಕೇ ಕಾದು ನಿಂತಿದ್ದೆ. ನೀನು ತಲೆ ಎತ್ತಲೇ ಇಲ್ಲ.

ಟಿಬ್ಬಿ


ಲೀತ್ ವಾಕ್
೧೯೩೪ ಮೇ ೪

ಟಿಬ್ಬಿ,

ನಾನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಹೇಳುತ್ತೀ ಎಂದು ತಲೆ ತಗ್ಗಿಸಿ ಕಾದೆ. ನೀನು ನನ್ನ ಬೆರಳಿಗೆ ಕಾದೆ, ನಾನು ನಿನ್ನ ಬಾಯಿಗೆ ಕಾದೆ. ಐದು ದಿನವೂ ಕಾದೆ. ನಿನ್ನ ಮೇಜು ನನ್ನ ಪಕ್ಕದಲ್ಲೇ ಇತ್ತಲ್ಲ. ಒಂದೊಂದು ಮೊಳೆ ಖಾನೆಗೆ ಬೀಳುವ ಸದ್ದು ನಿನಗೆ ಕೇಳಿಸುತ್ತಿತ್ತು.

ನಿನ್ನ ಮಗನಿಗೆ ನೀನೇ ಆ ಕತೆ ಹೇಳಿದೆ ಎಂಬುದನ್ನು ಓದಿದ ಮೇಲೆ ಎರಡು ದಿನ ಅಂಗಡಿಗೆ ಹೋಗಲಿಲ್ಲ. ನಲವತ್ತೇಳು ವರ್ಷದ ಹೆಂಗಸು ಹಾಸಿಗೆಯಲ್ಲಿ ಬಿದ್ದು ಅತ್ತೆ. ಈಗ ಎದ್ದಿದ್ದೇನೆ.

ನಿನ್ನ ಹೆಸರನ್ನು ನಾನು ಯಾರಿಗೂ ಹೇಳುವುದಿಲ್ಲ. ಹಾಗೆಂದು ನಿನ್ನನ್ನು ಬಿಡುವುದೂ ಇಲ್ಲ. ತಿಂಗಳಿಗೊಂದು ಕಾಗದ ಬರುತ್ತಿರುತ್ತದೆ. ಒಂದು ಪುಟ ಗ್ರೀಕ್ ಹೆಕ್ಕುವಷ್ಟು ಕಷ್ಟವೇನೂ ಅಲ್ಲ ಇದು.

ಫೀಮಿ


ಜಾರ್ಜ್ ಚೌಕ
೧೯೩೪ ಆಗಸ್ಟ್ ೨೪

ಮಾನ್ಯ ಮಿಸ್ ಲಾಕಿ ಅವರಿಗೆ,

‘ಪ’ ಅಕ್ಷರ ಸೆಪ್ಟೆಂಬರ್ ಕೊನೆಗೆ ಅಚ್ಚಿಗೆ ಹೋಗುತ್ತಿದೆ. ನೀವು ಹೇಳಿದ ಪತ್ರ ಇನ್ನೂ ಬಂದಿಲ್ಲ.

ಈ ನಡುವೆ ಒಂದು ಬೆಳವಣಿಗೆಯಾಗಿದೆ, ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ನನ್ನ ವಿನಂತಿ ನೋಡಿ ಕರ್ಕಾಲ್ಡಿಯ ಮುದ್ರಕರೊಬ್ಬರು ಬರೆದಿದ್ದಾರೆ, ಅಲಿಕ್ ಹಾಗ್ ಎಂದು. ಅವರ ತಾಯಿ ಆ ದಿನ ಅದೇ ಕೋಣೆಯಲ್ಲಿದ್ದರಂತೆ. ತಪ್ಪು ಲಾಕಿಯದೇ ಎಂದು ಆಕೆ ಹೇಳಿದ್ದಾಗಿ ಬರೆದಿದ್ದಾರೆ. ಬಾಯಿಮಾತನ್ನು ನಾನು ತೆಗೆದುಕೊಳ್ಳುವುದಿಲ್ಲ. ತಾಯಿಯವರೇ ತಮ್ಮ ಕೈಯಿಂದ ಬರೆದು ಸಹಿ ಹಾಕಿ ಕಳಿಸಲಿ ಎಂದು ತಿಳಿಸಿದ್ದೇನೆ. ಅವರು ಹಾಗೆ ಮಾಡಿದರೆ, ಕಣ್ಣಾರೆ ಕಂಡವರ ಮಾತೆಂದು ಸಮಿತಿ ಅದನ್ನೇ ಒಪ್ಪುತ್ತದೆ. ನನಗೆ ಬೇರೆ ದಾರಿ ಇರುವುದಿಲ್ಲ.

ನಿಮಗೆ ಇದು ನೋವಿನ ಸುದ್ದಿ ಎಂದು ಬಲ್ಲೆ.

ವಿಶ್ವಾಸಿ,
ಕ್ವಿಂಟಿನ್ ರಾಟ್ರೇ


ಲೀತ್ ವಾಕ್
೧೯೩೪ ಆಗಸ್ಟ್ ೨೭

ಟಿಬ್ಬಿ,

ನಿನ್ನ ಮಗ ಕಾಗದ, ಮಸಿ ತಂದು ನಿನ್ನ ಮುಂದಿಟ್ಟಿರುತ್ತಾನೆ. ಪಾಪ, ಅವನದೇನೂ ತಪ್ಪಿಲ್ಲ. ತಾಯಿಯ ಮಾತನ್ನು ನಂಬಿದ್ದಾನೆ.

ಇಷ್ಟು ವರ್ಷ ನೀನು ಸುಮ್ಮನಿದ್ದೆ. ಸುಮ್ಮನಿರುವುದಕ್ಕೆ ಸಹಿ ಬೇಕಿಲ್ಲ. ಈಗ ಬರೆಯಬೇಕಾಗಿದೆ. ನೀನೂ ನಾನೂ ಒಂದೇ ಮೇಜಿನಲ್ಲಿ ಕೆಲಸ ಕಲಿತವರು. ಅಕ್ಷರ ತಲೆಕೆಳಗಾಗಿದ್ದರೆ ಗೊತ್ತಿದ್ದೂ ಗೊತ್ತಿದ್ದೂ ನೀನು ಹಾಗೇ ಬಿಟ್ಟವಳಲ್ಲ. ಒಂದು ತಪ್ಪು ಅಲ್ಪವಿರಾಮಕ್ಕೆ ಇಡೀ ಸಾಲು ಬಿಚ್ಚುತ್ತಿದ್ದೆ. ನಾನು ಆ ಟಿಬ್ಬಿಗೆ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ ಕೊನೆಯವರೆಗೆ ಸಮಯವಿದೆ. ನೀನು ಏನೇ ಬರೆದರೂ ನಾನು ಅದನ್ನು ಅಲ್ಲಗಳೆದು ರಾಟ್ರೇಗೆ ಬರೆಯುವುದಿಲ್ಲ. ಈ ಸಲ ನೀನೇ ಬಗ್ಗಬೇಕು.

ಫೀಮಿ


ಕರ್ಕಾಲ್ಡಿ
೧೯೩೪ ಸೆಪ್ಟೆಂಬರ್ ೨೪

ಮಾನ್ಯ ರಾಟ್ರೇ ಅವರಿಗೆ,

ನನ್ನ ಮಗ ಕೇಳಿದ ಹೇಳಿಕೆಯನ್ನು ಕಳಿಸುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ಮಿಸ್ ಯೂಫೀಮಿಯಾ ಲಾಕಿ ಅವರಿಗೂ ಕಳಿಸಿದ್ದೇನೆ.

೧೯೦೯ರ ನವೆಂಬರಿನಲ್ಲಿ ಗ್ರೀಕ್ ವ್ಯಾಕರಣದ ಎಂಟು ಪುಟ ಪೈ ಆಯಿತು. ಆ ಪೈ ನನ್ನದು. ಚೌಕಟ್ಟಿಗೆ ಬೆಣೆ ಹೊಡೆದು ಬಿಗಿಯಬೇಕಾದವಳು ನಾನು. ಚಳಿಗೆ ನನ್ನ ಬೆರಳುಗಳು ಬಾತು ಬಿರಿದಿದ್ದವು, ಸುತ್ತಿಗೆ ಹಿಡಿಯಲು ಆಗುತ್ತಿರಲಿಲ್ಲ. ಗೊತ್ತಾದರೆ ಕೈ ವಾಸಿಯಾಗುವವರೆಗೆ ಮನೆಗೆ ಕಳಿಸುತ್ತಾರೆ, ಮನೆಯಲ್ಲಿ ನನ್ನ ಕೂಲಿಯಿಂದಲೇ ಒಲೆ ಉರಿಯುತ್ತಿತ್ತು, ಅದಕ್ಕೆ ಯಾರಿಗೂ ಹೇಳಿರಲಿಲ್ಲ. ಬಿಗಿಯಾಗಿದೆಯೇ ಎಂದು ಒಂದು ಮೂಲೆ ಎತ್ತಿ ನೋಡುವುದು ವಾಡಿಕೆ. ನೋಡಲಿಲ್ಲ. ಎತ್ತಿದವಳು ನಾನು, ಬೀಳಿಸಿದವಳು ನಾನು. ಹೆಕ್ಕಿದವಳು ಫೀಮಿ ಲಾಕಿ.

ಫೋರ್‌ಮನ್ ಯಾರ ಪೈ ಎಂದು ಕೇಳಿದಾಗ ನಾನು ಬಾಗಿಲಲ್ಲಿದ್ದೆ. ನನ್ನದು ಎನ್ನಲು ಬಾಯಿ ತೆರೆದಿದ್ದೆ. ಮಾತು ಬರಲಿಲ್ಲ. ಒಂದು ನಿಮಿಷ ತಡವಾಯಿತು, ಆ ಮೇಲೆ ಒಂದು ದಿನ, ಆ ಮೇಲೆ ಇಪ್ಪತ್ತೈದು ವರ್ಷ. ಅವಳನ್ನು ತೆಗೆದುಹಾಕಿದ ಮೇಲೆ ಅವಳ ಮೇಜನ್ನೂ ನನಗೇ ಕೊಟ್ಟರು. ಅವಳು ಹೆಕ್ಕಿ ತುಂಬಿಟ್ಟ ಖಾನೆಗಳಿಂದಲೇ ಆ ಎಂಟು ಪುಟವನ್ನು ಮತ್ತೆ ಜೋಡಿಸಿದೆ. ಒಂದೇ ಒಂದು ಮೊಳೆ ತಪ್ಪು ಖಾನೆಯಲ್ಲಿರಲಿಲ್ಲ.

ಮೊನ್ನೆ ಭಾನುವಾರ ಇದನ್ನೆಲ್ಲ ಮಗನಿಗೆ ಹೇಳಿದೆ. ಅವನೇ ಕಾಗದ, ಮಸಿ ತಂದು ಮುಂದಿಟ್ಟ. “ಬರಿಯಮ್ಮ. ಪೈ ಅಂತಾನೇ ಬರಿ” ಅಂದ. ಅವನಿಗೂ ಈ ಕಸುಬಿನ ಮಾತು ಗೊತ್ತು.

ಈ ಪತ್ರದ ಯಾವ ವಾಕ್ಯವನ್ನಾದರೂ ನನ್ನ ಹೆಸರಿನೊಂದಿಗೆ ಅಚ್ಚು ಹಾಕಬಹುದು.

ಇತಿ,
ಇಸೊಬೆಲ್ ಹಾಗ್
(ತವರಿನಲ್ಲಿ ಟಿಬ್ಬಿ ಡಫ್)


ಜಾರ್ಜ್ ಚೌಕ
೧೯೩೪ ಅಕ್ಟೋಬರ್ ೧೭

ಮಾನ್ಯ ಮಿಸ್ ಲಾಕಿ ಅವರಿಗೆ,

ಕರಡಚ್ಚು ಇದರೊಂದಿಗಿದೆ. ಸಮಿತಿ ಒಂದು ಮಾತೂ ಆಡದೆ ಒಪ್ಪಿತು. ಸಾಮಾನ್ಯವಾಗಿ ಅವರು ಅಲ್ಪವಿರಾಮಕ್ಕೂ ಜಗಳವಾಡುವವರು.

‘ಪೈ: ಜೋಡಿಸಿದ ಅಚ್ಚಿನ ಮೊಳೆಗಳು ಬಿದ್ದು ಕಲಸಿಹೋಗಿರುವುದು. ಮೊಳೆಗಳು ಹಾಳಾಗಿರುವುದಿಲ್ಲ, ತಮ್ಮ ಜಾಗದಲ್ಲಿ ಇರುವುದಿಲ್ಲ. ಹುಟ್ಟು ತಿಳಿಯದು. ಲಾಕಿ ಪೈ: (ಎಡಿನ್‌ಬರೊ) ಒಬ್ಬರು ಬೀಳಿಸಿ ಇನ್ನೊಬ್ಬರು ಹೆಕ್ಕಿದ ಪೈ. ಅಜಾಗರೂಕತೆಯಿಂದಾದ ಪೈ ಎಂಬ ಬಳಕೆ ತಪ್ಪು ತಿಳಿವಳಿಕೆಯಿಂದ ಬಂದದ್ದು. “ಆ ಪೈ ನನ್ನದು... ಎತ್ತಿದವಳು ನಾನು, ಬೀಳಿಸಿದವಳು ನಾನು. ಹೆಕ್ಕಿದವಳು ಫೀಮಿ ಲಾಕಿ.” ಇಸೊಬೆಲ್ ಹಾಗ್, ಪತ್ರ, ೧೯೩೪.’

ತಿದ್ದುಪಡಿಗಳಿದ್ದರೆ ಅಂಚಿನಲ್ಲಿ ಗುರುತಿಸಿ ಕಳಿಸಿ.

ವಿಶ್ವಾಸಿ,
ಕ್ವಿಂಟಿನ್ ರಾಟ್ರೇ


ಲೀತ್ ವಾಕ್
೧೯೩೪ ಅಕ್ಟೋಬರ್ ೧೯

ಮಾನ್ಯ ರಾಟ್ರೇ ಅವರಿಗೆ,

ಕರಡು ನೋಡಿದೆ. ನಾಲ್ಕನೆಯ ಸಾಲಿನಲ್ಲಿ ಒಂದು ಅಕ್ಷರ ತಲೆಕೆಳಗಾಗಿದೆ, ಏಳನೆಯದರಲ್ಲಿ ಪದಗಳ ನಡುವಿನ ಅಂತರ ಹೆಚ್ಚಾಗಿದೆ. ಎರಡನ್ನೂ ಗುರುತು ಹಾಕಿದ್ದೇನೆ. ಇಪ್ಪತ್ತೈದು ವರ್ಷದ ಮೇಲೆ ಕರಡಿನ ಅಂಚಿನಲ್ಲಿ ಗುರುತು ಹಾಕಿದೆ, ಗುರುತುಗಳು ಹಳೆಯ ಕಾಲದವಾಗಿದ್ದರೆ ಕ್ಷಮಿಸಿ.

ಮಾತಿನಲ್ಲಿ ಬದಲಿಸುವಂಥದ್ದು ಏನೂ ಇಲ್ಲ.

ಇತಿ,
ಯೂಫೀಮಿಯಾ ಲಾಕಿ
ಕಂಪೋಸಿಟರ್


ಲೀತ್ ವಾಕ್
೧೯೩೪ ನವೆಂಬರ್ ೫

ಟಿಬ್ಬಿ,

ನಿನ್ನ ಪತ್ರದ ಪ್ರತಿ ಬಂದ ದಿನದಿಂದ ಏನು ಬರೆಯುವುದು ಎಂದು ಯೋಚಿಸುತ್ತಿದ್ದೇನೆ. ನಿನ್ನನ್ನು ಕ್ಷಮಿಸಿದೆ ಎಂದು ಬರೆಯಲು ಕೂತೆ, ಆಗಲಿಲ್ಲ. ಹೋದ ವರ್ಷಗಳು ಹೋದವು, ಅವು ಯಾವ ಖಾನೆಗೂ ವಾಪಸು ಬೀಳುವುದಿಲ್ಲ. ಆದರೆ ನಿನ್ನ ಬಾತ ಬೆರಳಿನ ವಿಷಯ ಓದಿದಾಗ ಸಂಕಟವಾಯಿತು. ನನಗೆ ಒಂದು ಮಾತು ಹೇಳಿದ್ದರೆ ಬೆಣೆಯನ್ನು ನಾನೇ ಹೊಡೆದುಕೊಡುತ್ತಿದ್ದೆನಲ್ಲೇ, ಹುಚ್ಚಿ.

ನನ್ನ ಖಾನೆಗಳಲ್ಲಿ ಒಂದು ಮೊಳೆಯೂ ತಪ್ಪಿರಲಿಲ್ಲ ಎಂದು ಬರೆದೆ. ಅದನ್ನು ಇಷ್ಟು ವರ್ಷ ಯಾರೂ ನನಗೆ ಹೇಳಿರಲಿಲ್ಲ. ಆ ಸಾಲನ್ನು ಕತ್ತರಿಸಿ ಅಂಗಡಿಯಲ್ಲಿ ನನ್ನ ಖಾನೆಗಳ ಮೇಲೆ ಅಂಟಿಸಿದ್ದೇನೆ. ಗಿರಾಕಿಗಳು ಕೇಳಿದರೆ ಈಗ ಹೆಸರು ಸಮೇತ ಹೇಳುತ್ತೇನೆ.

ಮುಂದಿನ ಶನಿವಾರ ನನಗೆ ಮಧ್ಯಾಹ್ನದಿಂದ ಬಿಡುವು. ಹನ್ನೊಂದರ ರೈಲಿಗೆ ಬಾ, ಸೇತುವೆ ದಾಟಿದರೆ ಎಷ್ಟು ಹೊತ್ತಿನ ದಾರಿ. ಟೀ ನಾನು ಮಾಡಿರುತ್ತೇನೆ. ಬರುವಾಗ ನಮ್ಮ ಬೀದಿಯ ಮೂಲೆಯ ಅಂಗಡಿಯಲ್ಲಿ ತಿನ್ನಲು ಏನಾದರೂ ಬಿಸಿಯಾಗಿ ಕಟ್ಟಿಸಿಕೊಂಡು ಬಾ. ಅಂಗಡಿಯವನಿಗೆ ಕಿವಿ ಸ್ವಲ್ಪ ಮಂದ, ಕಡುಬು ಗಿಡುಬು ಅಂದರೆ ತಿಳಿಯುವುದಿಲ್ಲ. ಹೆಸರು ಹೇಳಿ ಕೇಳು, ಗಟ್ಟಿಯಾಗಿ. ಎರಡು ಪೈ.

ಫೀಮಿ